ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ ಮಾತ್ರ ನೋಡಿ ಬಿಡಬೇಡಿ

ಅಪ್ಪ-ಅಮ್ಮ ಗಟ್ಟಿಮುಟ್ಟಾಗಿದ್ದಾರೆ, ಎರಡೂ ಮನೆತನದಲ್ಲಿ ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯ ಹೆಸರೇ ಕೇಳಿಲ್ಲ. ಆದರೂ ಆರು ತಿಂಗಳು ದಾಟಿದ ಮಗು ಬಿಳಿಚಿಕೊಳ್ಳುತ್ತದೆ, ತೂಕ ಏರುವುದಿಲ್ಲ, ಗುಲ್ಮ ಊದಿ ಹೊಟ್ಟೆ ಮುಂದೆ ಬರುತ್ತದೆ. ಬೀಟಾ ಥಲಸ್ಸೀಮಿಯಾ ಮೇಜರ್ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಹೀಗೆ. ಆಮೇಲೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು. ಮೈಯಲ್ಲಿ ಸೇರುವ ಕಬ್ಬಿಣ ತೆಗೆಯಲು ಬೇರೆ ಔಷಧಿ.

ಹಿಮೋಗ್ಲೋಬಿನ್ ತಯಾರಿಗೆ ಬೇಕಾದ ಬೀಟಾ ಗ್ಲೋಬಿನ್ ಜೀನ್ ಇರುವುದು 11ನೇ ಕ್ರೋಮೋಸೋಮಿನಲ್ಲಿ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ, ಅಂಥವರೇ ವಾಹಕರು. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ 25%, ವಾಹಕವಾಗುವ ಸಾಧ್ಯತೆ 50%. ಒಂದು ಮಗುವಿಗೆ ಬಂದರೆ ಮುಂದಿನ ಮೂವರಿಗೆ ಬರುವುದಿಲ್ಲ ಎಂಬ ಲೆಕ್ಕ ಪೂರ್ತಿ ತಪ್ಪು. ಸೋದರಮಾವ, ಅತ್ತೆಮಗನ ಜೊತೆ ಮದುವೆಯಾದರೆ ಇಬ್ಬರಲ್ಲೂ ಒಂದೇ ದೋಷ ಇರುವ ಸಂಭವ ಹೆಚ್ಚು. ಆದರೆ ಹೊರಸಂಬಂಧ ಎಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ.

ವಾಹಕರ ಸುಳಿವು ಸಿಗುವುದು ರಕ್ತಕಣ ಎಣಿಸುವ ಸಾಮಾನ್ಯ ಪರೀಕ್ಷೆಯಾದ ಸಿಬಿಸಿಯಲ್ಲೇ. ಹಿಮೋಗ್ಲೋಬಿನ್ 10.8, ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) 64, ಕೆಂಪು ರಕ್ತಕಣ 55 ಲಕ್ಷ (ಅಂದರೆ 5.5 ಮಿಲಿಯನ್) ಎಂದಿದೆ ಎನ್ನಿ. ಕಬ್ಬಿಣದ ಕೊರತೆಯಾದರೆ ಕಣಗಳ ಸಂಖ್ಯೆಯೂ ಸಾಮಾನ್ಯವಾಗಿ ಇಳಿದಿರುತ್ತದೆ. ಇಲ್ಲಿ ಕಣಗಳು ಸಣ್ಣವು, ಸಂಖ್ಯೆ ಮಾತ್ರ ಜಾಸ್ತಿ. 64ನ್ನು 5.5ರಿಂದ ಭಾಗಿಸಿದರೆ 11.6, 13ಕ್ಕಿಂತ ಕಡಿಮೆ ಬಂದರೆ ಥಲಸ್ಸೀಮಿಯಾ ಮೈನರ್, ಅಂದರೆ ವಾಹಕ ಎಂಬ ಅನುಮಾನ ಬರಬೇಕು. ಇದು ಅನುಮಾನವಷ್ಟೇ, ಖಚಿತವಲ್ಲ. "ರಕ್ತ ಕಮ್ಮಿ ಇದೆ" ಎಂದು ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿಸುವುದು ಇಲ್ಲೇ.

ಎಂಸಿವಿ 80ಕ್ಕಿಂತ ಅಥವಾ ಎಂಸಿಎಚ್ (ಒಂದು ಕಣದಲ್ಲಿರುವ ಹಿಮೋಗ್ಲೋಬಿನ್ ಸರಾಸರಿ) 27ಕ್ಕಿಂತ ಕಡಿಮೆಯಿದ್ದರೆ, ಹಿಮೋಗ್ಲೋಬಿನ್ ವಿಧಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ ಮಾಡಿಸಿ. ಅದರಲ್ಲಿ ಎ2 ಎಂಬ ವಿಧದ ಹಿಮೋಗ್ಲೋಬಿನ್ 3.5% ದಾಟಿದ್ದರೆ ಸಾಮಾನ್ಯವಾಗಿ ವಾಹಕ ಎಂದರ್ಥ. ತೀವ್ರ ಕಬ್ಬಿಣ ಕೊರತೆ ಈ ಅಂಕಿಯನ್ನು ಕೆಳಗೆಳೆಯಬಹುದು, ಹಾಗಾಗಿ ಗಡಿಯಲ್ಲಿದ್ದರೆ ಕೊರತೆ ಸರಿಪಡಿಸಿ ಮತ್ತೆ ನೋಡಬೇಕು. ಇತ್ತೀಚೆಗೆ ರಕ್ತ ಕೊಡಿಸಿದ್ದರೂ ಫಲಿತಾಂಶ ಕೆಡುತ್ತದೆ, ಲ್ಯಾಬಿನವರಿಗೆ ಹೇಳಿ.

ಬಸುರಿಗೆ ಮಾತ್ರ ಕಾಯುವ ಪುರುಸೊತ್ತಿಲ್ಲ. ಅವಳ ಅಂಕಿ ಅನುಮಾನಾಸ್ಪದವಾಗಿದ್ದರೆ ಅದೇ ವಾರ ಗಂಡನ ರಕ್ತವನ್ನೂ ಕೊಡಿ. ಅವನ ಎಂಸಿವಿ, ಎ2 ಎರಡೂ ಚೆನ್ನಾಗಿದ್ದರೆ ಮಗುವಿಗೆ ಮೇಜರ್ ಬರುವ ಭಯ ಬಹುತೇಕ ಇಲ್ಲ. ಇಬ್ಬರೂ ವಾಹಕರಾದರೆ ಮೊದಲು ಇಬ್ಬರ ಡಿಎನ್‌ಎ ಪರೀಕ್ಷೆಯಾಗಿ, ಯಾರಲ್ಲಿ ಯಾವ ದೋಷವಿದೆ ಎಂದು ತಿಳಿಯಬೇಕು. ಆಮೇಲೆ 11ರಿಂದ 13ನೇ ವಾರದೊಳಗೆ ಮಾಸಿನ ಚೂರು ತೆಗೆದು ಪರೀಕ್ಷಿಸುತ್ತಾರೆ. ತಡವಾದರೆ 16ನೇ ವಾರದ ಹೊತ್ತಿಗೆ ಗರ್ಭನೀರು. ಮುಂದೇನು ಎಂಬುದು ಗಂಡ-ಹೆಂಡತಿ ಜೆನೆಟಿಕ್ ಕೌನ್ಸೆಲರ್ ಹತ್ತಿರ ಕೂತು ತೀರ್ಮಾನಿಸಬೇಕಾದ ವಿಷಯ, ಅತ್ತೆ-ಮಾವಂದಿರದ್ದಲ್ಲ.

ವಾಹಕರ ಒಡಹುಟ್ಟಿದವರಲ್ಲೂ ಒಬ್ಬೊಬ್ಬರಿಗೆ ಕನಿಷ್ಠ 50% ಸಾಧ್ಯತೆ ಇದೆ. ಮದುವೆಗೆ ಮುಂಚೆ ಅವರಿಗೂ ಸಿಬಿಸಿ, ಎಚ್‌ಪಿಎಲ್‌ಸಿ ಮಾಡಿಸಿ.