ಏಕಾದಶಿಯ ದಿನ ಅಪ್ಪನ ಶುಗರ್
ಜುಲೈ 6, 2025, ಭಾನುವಾರ, ಡೊಂಬಿವಲಿ

ಇವತ್ತು ಆಷಾಢ ಏಕಾದಶಿ. ಪಕ್ಕದ ಮನೆಯ ಟಿವಿಯಲ್ಲಿ ಬೆಳಗಿನಿಂದ ಪಂಢರಪುರ. ಅಪ್ಪನಿಗೆ ಉಪವಾಸ, ಆದರೆ ಶುಗರಿನ ಗ್ಲಿಮೆಪಿರೈಡ್ ಮಾತ್ರೆಗೆ ಮಾತ್ರ ಉಪವಾಸವಿಲ್ಲ, ಎಂದಿನಂತೆ ನುಂಗಿ ಕೂತಿದ್ದಾರೆ. ಹೊಟ್ಟೆಗೆ ಏನಾದರೂ ಬೀಳಲಿ ಬೀಳದಿರಲಿ, ಆ ಮಾತ್ರೆ ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಬಿಡಿಸುತ್ತಲೇ ಇರುತ್ತದೆ. ಹತ್ತೂವರೆಗೆ ಕೈ ನಡುಕ, ಬೆವರು, ಸುಮ್‌ಸುಮ್ನೆ ಸಿಡುಕು (ಸಿಡುಕು ದಿನಾ ಇದ್ದದ್ದೇ ಅಂತ ಅಮ್ಮ). ಮೀಟರ್‌ನಲ್ಲಿ 62.

70ಕ್ಕಿಂತ ಕಡಿಮೆ ಅಂದರೆ ಲೋ, 54ಕ್ಕಿಂತ ಕೆಳಗಿಳಿದರೆ ಅಪಾಯ. ಅಮ್ಮ ಪೇಡೆ ತಂದರು, ಬೇಡ ಅಂದೆ. ಪೇಡೆಯ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಮೂರು ಟೀ ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿದೆ, ವ್ರತ ಕೆಟ್ಟಿತು ಅಂತ ಗೊಣಗಿದರು. 15 ನಿಮಿಷ ಬಿಟ್ಟು ನೋಡಿದರೆ 88.

ಆಮೇಲೆ ಫಲಾಹಾರ. ಸಾಬುದಾಣೆ (ಸಬ್ಬಕ್ಕಿ) ಖಿಚಡಿ, ಅದಕ್ಕೆ ಆಲೂಗಡ್ಡೆ ಬೇರೆ. ಸಾಬುದಾಣೆ ಅಂದರೆ ಹೆಚ್ಚುಕಡಿಮೆ ಬರೀ ಪಿಷ್ಟ, ಅದನ್ನು ತಟ್ಟೆ ತುಂಬ ತಿನ್ನುವುದಕ್ಕೆ ಉಪವಾಸ ಅಂತ ಹೆಸರಿಟ್ಟವರು ಯಾರೋ! ಎರಡು ಗಂಟೆ ಬಿಟ್ಟು 236. ಊಟದ ನಂತರ 180ರೊಳಗಿರಬೇಕು ಅಂತ ಡಾಕ್ಟರು ಹೇಳಿದ್ದಾರೆ. ಪಕ್ಕದ ಕಾಕೂ ಗಾಬರಿಯಾಗಿ ಇನ್ನೊಂದು ಮಾತ್ರೆ ಕೊಡಿ ಅಂದರು. ಕೊಟ್ಟರೆ ರಾತ್ರಿ ಮತ್ತೆ ಲೋ, ಅದೂ ನಿದ್ದೆಯಲ್ಲಿ. ಒಂದು ಸಲ 236 ಬಂದರೆ ಅವಸರವೇನಿಲ್ಲ. ಶುಗರ್ ಇಳಿಯದೇ ಮೇಲೇ ನಿಂತು, ಜೊತೆಗೆ ವಾಂತಿ, ವಿಪರೀತ ಬಾಯಾರಿಕೆ, ಏದುಸಿರು ಕಂಡರೆ ಮಾತ್ರ ಆಸ್ಪತ್ರೆಗೆ ಓಡಬೇಕು.

ಅಪ್ಪ ಕಾಲನಿರ್ಣಯ ಕ್ಯಾಲೆಂಡರಿನ ಚೌಕದೊಳಗೆ ನಂಬರ್ ಮಾತ್ರ ಬರೆಯುತ್ತಾರೆ. ಮೊನ್ನೆ 118, ನಿನ್ನೆ 126, ಎಂಟು ಜಾಸ್ತಿಯಾಯ್ತು ಅಂತ ದಿನವಿಡೀ ಚಿಂತೆ. ಮನೆಯ ಮೀಟರ್‌ನಲ್ಲಿ ಶೇಕಡಾ 15ರಷ್ಟು ಹೆಚ್ಚುಕಡಿಮೆ ಬರುವುದು ಮಾಮೂಲು, ಆ ಎಂಟಕ್ಕೆ ಅರ್ಥವೇ ಇಲ್ಲ. ಮಾವಿನಹಣ್ಣು ಹೆಚ್ಚಿದ ಕೈ ತೊಳೆಯದೆ ಚುಚ್ಚಿಕೊಂಡರಂತೂ ಇಲ್ಲದ ಸಕ್ಕರೆಯೂ ಕಾಣುತ್ತದೆ. ಖಾಲಿ ಹೊಟ್ಟೆಯಲ್ಲೂ ಹೇಗೆ ಏರುತ್ತದೆ ಅಂತ ಕೇಳುತ್ತಾರೆ. ನಸುಕಿನಲ್ಲಿ ಕೆಲವು ಹಾರ್ಮೋನು ಏರುತ್ತವೆ, ಆಗ ಲಿವರ್ ತಾನೇ ಸಕ್ಕರೆ ಬಿಡುತ್ತದೆ, ರಾತ್ರಿ ಒಂದೇ ಚಪಾತಿ ತಿಂದಿದ್ದರೂ ಅಷ್ಟೇ. ಇವತ್ತಿನ ಚೌಕದಲ್ಲಿ 62 ಮತ್ತು 236 ಅಂತಷ್ಟೇ ಇದ್ದರೆ ಡಾಕ್ಟರಿಗೆ ಏನು ತಿಳಿಯಬೇಕು? ಗಂಟೆ ಎಷ್ಟು, ಏನು ತಿಂದರು, ಮಾತ್ರೆ ಯಾವಾಗ, ಇಷ್ಟನ್ನೂ ಪಕ್ಕದಲ್ಲಿ ನಾನೇ ಬರೆದೆ. ಚೌಕ ಸಾಲದೆ ಸೋಮವಾರಕ್ಕೂ ಹರಿಯಿತು.

ಮುಂದಿನ ಏಕಾದಶಿ 21ಕ್ಕೆ. ಅಷ್ಟರೊಳಗೆ ಉಪವಾಸದ ದಿನ ಮಾತ್ರೆ ಏನು ಮಾಡಬೇಕು ಅಂತ ಡಾಕ್ಟರನ್ನು ಕೇಳಬೇಕು. ನಾವೇ ನಿಲ್ಲಿಸುವ ಹಾಗಿಲ್ಲ ಅಲ್ವಾ. ಅಪ್ಪ ಒಪ್ಪಿದ್ದಾರೆ, ಉಪವಾಸ ಬಿಡು ಅಂತ ಡಾಕ್ಟರು ಹೇಳಬಾರದು ಅನ್ನುವ ಶರತ್ತಿನ ಮೇಲೆ.