ಸಾಲ ಯಾರದು, ಸಾಕ್ಷಿ ಯಾರದು?

ಫೆಬ್ರವರಿ 9, 2026, ಸೋಮವಾರ

ಜೀತ ಪದ್ಧತಿ ರದ್ದತಿ ಕಾಯ್ದೆಗೆ ಇವತ್ತು ಐವತ್ತು ತುಂಬಿತು. ಕಚೇರಿಯೊಂದರಲ್ಲಿ ಎಲ್ಲರೂ ಎದ್ದುನಿಂತು ಪ್ರತಿಜ್ಞಾವಿಧಿ ಓದಿದೆವು, ಟೀ ಕುಡಿದೆವು. ಹೊರಡುವಾಗ ಅಧಿಕಾರಿಯೊಬ್ಬರು ಸಲುಗೆಯಿಂದಲೇ ಕೇಳಿದರು: “ಈಗೆಲ್ಲಿದೆ ಸಾರ್ ಜೀತ? ಅಡ್ವಾನ್ಸ್ ಈಸ್ಕೊಂಡಿರ್ತಾರೆ, ತೀರೋವರೆಗೂ ಬೇರೆ ಕಡೆ ಹೋಗೋ ಹಾಗಿಲ್ಲ, ಅಷ್ಟೇ ತಾನೆ?”

ಕಾಯ್ದೆಯ ವ್ಯಾಖ್ಯಾನವನ್ನು ಇಷ್ಟು ಚೊಕ್ಕವಾಗಿ ನಾನೂ ಹೇಳಲಾರೆ! ಮುಂಗಡದ ಋಣ ಹೊರಿಸಿ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿದರೂ ಜೀತ, ಬೇರೆ ಕೆಲಸಕ್ಕೆ ಹೋಗದಂತೆ ತಡೆದರೂ ಜೀತ, ಓಡಾಡಲು ಬಿಡದಿದ್ದರೂ ಜೀತ. ಮೂರೂ ಸೇರಬೇಕಿಲ್ಲ, ಒಂದಿದ್ದರೆ ಸಾಕು. ಕಾಲಿಗೆ ಸರಪಳಿಯನ್ನು ಕಾಯ್ದೆ ಎಲ್ಲೂ ಕೇಳಿಲ್ಲ.

ಕಲಂ 15 ಇನ್ನೂ ಒಂದು ಹೆಜ್ಜೆ ಮುಂದೆ. ಇದು ಜೀತದ ಸಾಲ ಎಂದು ಕೂಲಿಯವನು ಹೇಳಿದರೆ, ಅಲ್ಲವೆಂದು ಸಾಬೀತು ಮಾಡಬೇಕಾದವನು ಸಾಲ ಕೊಟ್ಟವನು. ಲೆಕ್ಕದ ಪುಸ್ತಕ ಇರುವುದು ಧಣಿಯ ಪೆಟ್ಟಿಗೆಯಲ್ಲಿ. ಅಕ್ಷರ ಬಾರದವನ ಹತ್ತಿರ ಏನಿದ್ದೀತು? ಆದರೂ ವಿಚಾರಣೆಗೆ ಹೋದಾಗ ನಮ್ಮ ಕೂಲಿಯವರನ್ನೇ ಕೇಳುತ್ತಾರೆ: “ಎಷ್ಟು ತಗೊಂಡೆ? ಚೀಟಿ ಎಲ್ಲಿ?”

ಇದು ಹಳೆಯ ಜಗಳ. ಹರಿಯಾಣದ ಫರೀದಾಬಾದಿನ ಕಲ್ಲುಕ್ವಾರಿಗಳ ಬಗ್ಗೆ ಜೀತವಿಮುಕ್ತಿಯ ಸಂಘಟನೆ ಬಂಧುವಾ ಮುಕ್ತಿ ಮೋರ್ಚಾ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟು ರಿಟ್ ಅರ್ಜಿಯಾಗಿ ತೆಗೆದುಕೊಂಡಿತ್ತು. ಒತ್ತಾಯದ ದುಡಿಮೆ ಇದ್ದರೂ ಮುಂಗಡ ಪಡೆದದ್ದನ್ನು ಕೂಲಿಗಳೇ ರುಜುವಾತುಪಡಿಸಲಿ ಎಂದು ಸರ್ಕಾರ ವಾದಿಸಿತು. ಅಂಥ ದುಡಿಮೆ ಕಂಡರೆ ಅದರ ಹಿಂದೆ ಮುಂಗಡ ಇದೆ ಎಂದೇ ಭಾವಿಸಬೇಕು, ಅಲ್ಲವೆನ್ನುವುದಾದರೆ ಮಾಲೀಕನೋ ಸರ್ಕಾರವೋ ತೋರಿಸಲಿ ಎಂದರು ನ್ಯಾಯಮೂರ್ತಿ ಭಗವತಿ. ಅದು 1983ರ ಡಿಸೆಂಬರ್. ಅದಕ್ಕೂ ಮುಂಚೆ, ದೆಹಲಿಯ ಏಷ್ಯನ್ ಕ್ರೀಡಾಕೂಟಕ್ಕೆ ಕಟ್ಟಡ ಕಟ್ಟುತ್ತಿದ್ದ ಕಾರ್ಮಿಕರ 1982ರ ಪ್ರಕರಣದಲ್ಲಿ, ಹಸಿವಿನಿಂದ ಒಪ್ಪಿಕೊಂಡ ಕಡಿಮೆ ಕೂಲಿಯೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದಾಗಿತ್ತು.

ಶಿಕ್ಷೆ? ಮೂರು ವರ್ಷದವರೆಗೆ ಜೈಲು, 2,000 ರೂಪಾಯಿವರೆಗೆ ದಂಡ. 1976ರಲ್ಲಿ ಅದು ದುಡ್ಡೇ, ಒಪ್ಪೋಣ.

ನನಗೆ ಹೆಚ್ಚು ಸಿಟ್ಟು ಬರುವುದು ಪರಿಹಾರದ ವಿಷಯಕ್ಕೆ. ಬಿಡುಗಡೆಯಾದವರಿಗೆ ತಕ್ಷಣ ಸಿಗುವುದು 30,000 ರೂಪಾಯಿವರೆಗೆ. ಗಂಡಸಿಗೆ ಒಂದು ಲಕ್ಷ, ಹೆಂಗಸರು ಮಕ್ಕಳಿಗೆ ಎರಡು ಲಕ್ಷ ಎಂಬ ಪೂರ್ತಿ ಮೊತ್ತಕ್ಕೆ ಧಣಿಯ ಮೇಲಿನ ಕೇಸು ತೀರ್ಮಾನವಾಗಬೇಕು. ಕೇಸು ಎಳೆದಷ್ಟೂ ಧಣಿಗೆ ನಷ್ಟವಿಲ್ಲ. ಇತ್ತ ಮನೆಯಲ್ಲಿ ಅಕ್ಕಿ ಮುಗಿದಿರುತ್ತದೆ, ಮೇಸ್ತ್ರಿ ಹೊಸ ಅಡ್ವಾನ್ಸ್ ಹಿಡಿದು ಬಂದಿರುತ್ತಾನೆ.

ನಾಳೆ ಉಪವಿಭಾಗಾಧಿಕಾರಿಗೆ ಕೊಡುವ ಅರ್ಜಿಯಲ್ಲಿ ಕಲಂ 15ನ್ನು ಮೊದಲ ಸಾಲಿಗೇ ತಂದಿದ್ದೇನೆ. ವಕೀಲರು ನೋಡಿ, “ಇಷ್ಟು ಖಾರ ಬೇಡ” ಎಂದರು. ಇರಲಿ ಬಿಡಿ ಅಂದೆ.