ಮಳೆಗಾಲಕ್ಕೆ ನಿಂತ ಕ್ಯಾಂಪರ್: ಬ್ಯಾಟರಿ ಡೈರಿ

ಜೂನ್ 2

ಗಾಡಿಯನ್ನು ಸಾಗರದ ಹತ್ತಿರ ಚಿಕ್ಕಪ್ಪನ ಮನೆಗೆ ತಂದು ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿದೆ. ಇನ್ನು ನಾಲ್ಕು ತಿಂಗಳು ಅದಕ್ಕೆ ಓಡಾಟ ಇಲ್ಲ. ಟೆಂಪೋ ಟ್ರಾವೆಲರ್ ತಗೊಂಡು ನಾವೇ ಕಟ್ಟಿದ ಕ್ಯಾಂಪರ್ ಇದು. ಒಳಗಿನ ಲೈಟು, ಫ್ರಿಜ್, ನೀರಿನ ಪಂಪಿಗೆ 150 ಎಎಚ್‌ನ (ಆಂಪಿಯರ್-ಅವರ್, ಅಂದರೆ ಒಂದು ಆಂಪಿಯರಿನಂತೆ 150 ಗಂಟೆ ಕೊಡುವಷ್ಟು) ಎರಡು ಟ್ಯೂಬುಲರ್ ಬ್ಯಾಟರಿ, 12 ವೋಲ್ಟಿನವು, ಪ್ಯಾರಲಲ್ ಆಗಿ ಕೂಡಿಸಿದ್ದು. ಇಂಜಿನ್ ಸ್ಟಾರ್ಟ್ ಮಾಡಲು ಬೇರೆಯೇ ಒಂದು.

ಹೋದ ವರ್ಷ ಮಳೆ ನಿಂತ ಮೇಲೆ ಬಂದು ನೋಡಿದರೆ ಒಳಗಿನ ಎರಡೂ ಬ್ಯಾಟರಿ ಸತ್ತಿದ್ದವು. ಚಾರ್ಜರ್ ಹಾಕಿದರೂ ಹಿಡಿಯಲಿಲ್ಲ. ಲೆಡ್ ಆಸಿಡ್ ಬ್ಯಾಟರಿಯನ್ನು ಖಾಲಿ ಬಿಟ್ಟರೆ ಪ್ಲೇಟಿನ ಮೇಲೆ ಕೂತ ಸಲ್ಫೇಟ್ ಹರಳುಗಟ್ಟಿಬಿಡುತ್ತದೆ, ಆಮೇಲೆ ಅದು ಕರಗುವುದಿಲ್ಲ. ಆದರೆ ನಾನು ಮೇನ್ ಸ್ವಿಚ್ ಆಫ್ ಮಾಡಿಯೇ ಹೋಗಿದ್ದೆ. ಕರೆಂಟ್ ಎಲ್ಲಿಗೆ ಹೋಯಿತು ಎನ್ನುವುದು ವರ್ಷವಿಡೀ ತಲೆ ತಿನ್ನುತ್ತಿತ್ತು. ಈ ಸಲ ಹೊಸ ಬ್ಯಾಟರಿ. ಪತ್ತೆ ಮಾಡದೆ ಊರು ಬಿಡುವುದಿಲ್ಲ ಅಂತ ಎರಡು ದಿನ ರಜೆ ಹಾಕಿ ಬಂದಿದ್ದೇನೆ.

ಇವತ್ತು ಚಾರ್ಜ್ ಮಾತ್ರ. 14.4 ವೋಲ್ಟಿಗೆ ಏರಿಸಿ, ಆಂಪಿಯರ್ ಪೂರ್ತಿ ಇಳಿಯುವ ತನಕ ಬಿಟ್ಟೆ. ಬ್ಯಾಟರಿ ನೀರನ್ನು ಚಾರ್ಜ್ ಆದ ಮೇಲೆಯೇ ಹಾಕಿದೆ. ಮೊದಲೇ ತುಂಬಿದರೆ ಚಾರ್ಜ್ ಆಗುವಾಗ ಆಸಿಡ್ ಉಕ್ಕಿ ಹೊರಗೆ ಬರುತ್ತದೆ.

ಜೂನ್ 3

ರಾತ್ರಿಯಿಡೀ ಸುಮ್ನೆ ಬಿಟ್ಟು ಬೆಳಿಗ್ಗೆ ಅಳೆದೆ. ಸ್ಟಾರ್ಟಿಂಗ್ ಬ್ಯಾಟರಿ 12.70. ಒಳಗಿನವು 12.48. ಈ ಎರಡನೇ ಅಂಕಿ ನೋಡಿ ಗಾಬರಿ ಬೀಳಬೇಡಿ. ಎಲ್ಲ ಕಡೆ ಕಾಣುವ ಪಟ್ಟಿಯಲ್ಲಿ ಫುಲ್ ಅಂದರೆ 12.6, 12.7 ಅಂತ ಇರುತ್ತದೆ. ಅದು ಗಾಡಿ ಬ್ಯಾಟರಿಗೆ ಸರಿ. ನಮ್ಮಲ್ಲಿ ಇನ್ವರ್ಟರಿಗೆ ಬಳಸುವ ಟ್ಯೂಬುಲರ್ ಬ್ಯಾಟರಿಯಲ್ಲಿ ಆಸಿಡ್ ಸ್ವಲ್ಪ ತೆಳು. ಆಸಿಡ್ ಎಷ್ಟು ಗಟ್ಟಿ ಅಂತ ಅಳೆಯುವ ಹೈಡ್ರೋಮೀಟರ್ 1240 ತೋರಿಸಿದರೆ ಫುಲ್, ವೋಲ್ಟ್ ಲೆಕ್ಕದಲ್ಲಿ 12.5ರ ಆಸುಪಾಸು. ಇದು ಗೊತ್ತಿಲ್ಲದೆ ಮೊದಲ ವರ್ಷ ನಾನು ಚಾರ್ಜ್ ಮೇಲೆ ಚಾರ್ಜ್ ಕೊಟ್ಟು ನೀರು ಒಣಗಿಸಿದ್ದೆ.

ಒಂದು ಬ್ಯಾಟರಿಯೊಳಗೆ ಆರು ಸೆಲ್, ಅಂದರೆ ಆರು ಖಾನೆ. ಒಟ್ಟು ಹನ್ನೆರಡು ಸೆಲ್‌ಗಳಲ್ಲಿ ಹನ್ನೊಂದು 1240. ಎರಡನೇ ಬ್ಯಾಟರಿಯ ಮೂರನೇ ಸೆಲ್ ಮಾತ್ರ 1215. ಬರೆದಿಟ್ಟುಕೊಂಡೆ.

ಆಮೇಲೆ ಹುಡುಕಾಟ. ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಟರ್ಮಿನಲ್ಲಿಗೂ ನಡುವೆ ಮಲ್ಟಿಮೀಟರ್ ಹಿಡಿದೆ. 10 ಆಂಪಿಯರ್ ರೇಂಜು. ಮೇನ್ ಸ್ವಿಚ್ ಆಫ್. ಮೀಟರ್ ಸೊನ್ನೆ ತೋರಿಸಬೇಕಿತ್ತು, ಅಲ್ವಾ? 0.13 ತೋರಿಸಿತು. ಒಂದೊಂದೇ ಫ್ಯೂಸ್ ಕಿತ್ತೆ. ಕದಲಲಿಲ್ಲ. ಸೀಟಿನ ಕೆಳಗೆ ಮಲಗಿ, ಚಿಕ್ಕಪ್ಪ ಟಾರ್ಚ್ ಹಿಡಿದಿದ್ದಂತೆ, ಪಾಸಿಟಿವ್ ಟರ್ಮಿನಲ್ಲಿಗೆ ಸೇರಿದ ಒಂದೊಂದೇ ವೈರನ್ನು ಬೆರಳಲ್ಲಿ ಹಿಡಿದುಕೊಂಡು ಹೋದೆ. ದಪ್ಪ ಕೇಬಲ್ಲಿನ ಹಿಂದೆ ಒಂದು ಸಣ್ಣ ಕೆಂಪು ವೈರು. ಅದು ನೇರವಾಗಿ ಸ್ಟೌ ಕೆಳಗಿನ ಗ್ಯಾಸ್ ಅಲಾರಂಗೆ ಹೋಗಿತ್ತು. ಅಲ್ಲಿ ಕಡಲೆಯಷ್ಟು ಹಸಿರು ದೀಪ ಉರಿಯುತ್ತಿತ್ತು. ವೈರು ಬಿಚ್ಚಿದೆ. ಮೀಟರ್ 0.01ಕ್ಕೆ ಇಳಿಯಿತು.

"ಇಷ್ಟು ಚಿಕ್ಕ ದೀಪ ಅಷ್ಟು ದೊಡ್ಡ ಬ್ಯಾಟರಿ ಕುಡಿಯಿತಾ ಮಾರಾಯ?" ಅಂದರು ಚಿಕ್ಕಪ್ಪ.

ಕುಡಿದದ್ದು ದೀಪ ಅಲ್ಲ. ಅಲಾರಂ ಒಳಗಿನ ಸೆನ್ಸರ್ ಸದಾ ಬಿಸಿ ಇರಬೇಕು, ಅದಕ್ಕೊಂದು ಪುಟ್ಟ ಹೀಟರ್ ಇರುತ್ತದೆ. 0.12 ಆಂಪಿಯರ್ ಅಂದರೆ ದಿನಕ್ಕೆ 2.9 ಎಎಚ್. 120 ದಿನಕ್ಕೆ 345. ನಮ್ಮ ಎರಡೂ ಬ್ಯಾಟರಿ ಸೇರಿ 300. ಲೆಕ್ಕ ಕೂಡಿ ಬಂದಾಗ ನಿಜಕ್ಕೂ ನೆಮ್ಮದಿ ಆಯಿತು. ಅಲಾರಂ ಯಾವಾಗಲೂ ಚಾಲೂ ಇರಲಿ ಅಂತ ಮೇನ್ ಸ್ವಿಚ್ ತಪ್ಪಿಸಿ ವೈರ್ ಎಳೆದಿದ್ದೆವು. ಗ್ಯಾಸ್ ಸಿಲಿಂಡರನ್ನು ಇಳಿಸಿ ಹೊರಗಿಟ್ಟ ಮೇಲೆ ಅದರ ಕೆಲಸ ಇಲ್ಲ. ಸೋಲಾರ್ ಕಂಟ್ರೋಲರನ್ನೂ ಬಿಚ್ಚಿದೆ. ಶೆಡ್ಡಿನೊಳಗೆ ಪ್ಯಾನೆಲ್‌ಗೆ ಬಿಸಿಲೇ ಇಲ್ಲ. ಸ್ಟಾರ್ಟಿಂಗ್ ಬ್ಯಾಟರಿಯದ್ದೂ ನೆಗೆಟಿವ್ ತೆಗೆದೆ. ಅಲ್ಲಿ ಜಿಪಿಎಸ್, ಸ್ಟೀರಿಯೊ ಸೇರಿ 0.07 ಎಳೆಯುತ್ತಿದ್ದವು.

ಚಾರ್ಜರ್ ಸದಾ ಹಾಕಿಡುವುದು ಬೇಡ ಅಂತ ತೀರ್ಮಾನಿಸಿದೆ. ಫುಲ್ ಆದ ಮೇಲೆ ತಾನೇ ವೋಲ್ಟ್ ಇಳಿಸಿಕೊಳ್ಳುವ ಒಳ್ಳೆಯ ಫ್ಲೋಟ್ ಚಾರ್ಜರ್ ಆದರೆ ಹಾಕಿಡಬಹುದು, ಬ್ಯಾಟರಿಗೆ ತೊಂದರೆ ಇಲ್ಲ. ಆದರೆ ಇಲ್ಲಿ ಗುಡುಗು ಬಂದಾಗ ಪ್ಲಗ್ ಕೀಳಲು ಓಡಬೇಕು, ವೋಲ್ಟೇಜ್ ಬೇರೆ ಏರಿಳಿತ. ತಿಂಗಳಿಗೊಮ್ಮೆ ಒಂದು ಹಗಲು ಹಾಕಿದರೆ ಸಾಕು. ಮಳೆಗಾಲದ ತಂಪಿನಲ್ಲಿ ಬ್ಯಾಟರಿ ತಾನಾಗಿ ಇಳಿಯುವುದೂ ಕಡಿಮೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಗಾಡಿಯ ಬಾಗಿಲು ತೆರೆದಿರಲಿ, ಹತ್ತಿರ ಬೀಡಿ ಬೇಡ ಅಂತ ಚಿಕ್ಕಪ್ಪನಿಗೆ ಎರಡು ಸಲ ಹೇಳಿದೆ.

ಜುಲೈ 1

ಚಿಕ್ಕಪ್ಪ ಮೀಟರಿನ ಫೋಟೊ ಕಳಿಸಿದರು. ಒಳಗಿನವು 12.43, ಸ್ಟಾರ್ಟಿಂಗ್ 12.67. ಒಂದು ಹಗಲು ಚಾರ್ಜ್ ಹಾಕಿ ತೆಗೆದರು. ಬೇರೆ ಏನೂ ಇಲ್ಲ.

ಆಗಸ್ಟ್ 2

ಜುಲೈ ಕೊನೆಯಲ್ಲಿ ಚಾರ್ಜ್ ಆಗಬೇಕಿತ್ತು. ಮರ ಬಿದ್ದು ಐದು ದಿನ ಕರೆಂಟ್ ಇರಲಿಲ್ಲ. ಇವತ್ತು ನಾನೇ ಬಂದೆ. 12.42. ಅಲಾರಂ ವೈರ್ ಹಾಗೇ ಇದ್ದಿದ್ದರೆ ಜುಲೈ 1ರ ಚಾರ್ಜ್ ಆದ ಮೇಲೂ ಇಷ್ಟರಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಖಾಲಿಯಾಗಿರುತ್ತಿತ್ತು.

ಬ್ಯಾಟರಿ ಚೆನ್ನಾಗಿದೆ, ಆದರೆ ತೇವ ಬಿಟ್ಟಿಲ್ಲ. ಕೇಬಲ್ ತುದಿಯ ತಾಮ್ರದ ಲಗ್ ಸುತ್ತ ಹಸಿರು ಪುಡಿ, ಸೀಟಿನ ಬಟ್ಟೆಯ ಮೇಲೆ ಬೂಸ್ಟು. ಸೆಲ್‌ಗಳ ಮುಚ್ಚಳ ಎಲ್ಲ ಬಿಗಿ ಮಾಡಿ, ಅಡುಗೆ ಸೋಡಾ ಕಲಸಿದ ನೀರನ್ನು ಹಳೇ ಟೂತ್‌ಬ್ರಷ್‌ನಲ್ಲಿ ಹಚ್ಚಿದೆ. ಬುಸ್ ಅಂತ ನೊರೆ ಬಂತು. ಒರೆಸಿ, ಒಣಗಿಸಿ, ಪೆಟ್ರೋಲಿಯಂ ಜೆಲ್ಲಿ ಸವರಿದೆ. ಈ ಕೆಲಸವನ್ನು ಜೂನಿನಲ್ಲೇ ಮಾಡಬೇಕಿತ್ತು.

ಹಿಂದೆ ಬಿದ್ದಿದ್ದ ಮೂರನೇ ಸೆಲ್‌ಗೋಸ್ಕರ ಆ ಬ್ಯಾಟರಿಯೊಂದನ್ನೇ ಬೇರೆ ಮಾಡಿ ಇನ್ನೂ ಆರು ಗಂಟೆ ಜಾಸ್ತಿ ಚಾರ್ಜ್ ಕೊಟ್ಟೆ. 1230ಕ್ಕೆ ಬಂದಿದೆ.

ಸೆಪ್ಟೆಂಬರ್ 28

ಮಳೆ ಹೊಳವಾಗಿದೆ. ಒಳಗಿನವು 12.45. ಮೂರನೇ ಸೆಲ್ 1230ರಲ್ಲೇ ನಿಂತಿದೆ, ಇಳಿದಿಲ್ಲ. ಸ್ಟಾರ್ಟಿಂಗ್ ಬ್ಯಾಟರಿಗೆ ನೆಗೆಟಿವ್ ಕೂಡಿಸಿ ಕೀ ತಿರುಗಿಸಿದೆ. ಮೊದಲ ಸಲಕ್ಕೇ ಹಿಡಿಯಿತು. ಹೊಗೆ ಹೋಗಲಿ ಅಂತ ಗಾಡಿಯನ್ನು ಶೆಡ್ಡಿನಿಂದ ಅಡಿಕೆ ಅಂಗಳಕ್ಕೆ ತಂದೆ. ಚಿಕ್ಕಪ್ಪ ಒಳಗೆ ಹತ್ತಿ ಲೈಟೆಲ್ಲ ಹಾಕಿ ನೋಡಿದರು.

ಗ್ಯಾಸ್ ಅಲಾರಂಗೆ ಈಗ ಪ್ರತ್ಯೇಕ ಸ್ವಿಚ್ ಹಾಕಿದ್ದೇನೆ, ಸಿಲಿಂಡರ್ ಇಡುವ ಬಾಗಿಲಿನ ಒಳಗಡೆಯೇ. ಸಿಲಿಂಡರ್ ಕೂರಿಸುವಾಗ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ.